ಅಲೆದಾಡುವ ಮನಸ್ಸನ್ನು ದೇವರ ಕಡೆಗೆ ತಿರುಗಿಸಿದ ಅಗಸ್ಟೀನನ ಚರಿತ್ರೆ

ಆದಿತ್ಯವಾರದ ಗಂಟೆ ಕೇಳಿದ ಕೂಡಲೆ ನಾವು ದೇವಾಲಯಕ್ಕೆ ಬರುತ್ತೇವೆ. ಕಾಲ್ಮೆಟ್ಟುಗಳನ್ನು ಬಾಗಲ ಹೊರಗೆ ಬಿಟ್ಟು ಒಳಗೆ ಕೂತುಕೊಳ್ಳುತ್ತೇವೆ. ಆದರೆ ಕಾಲ್ಮೆಟ್ಟುಗಳನ್ನು ಬಿಟ್ಟ ಹಾಗೆ ಮನಸ್ಸಿನ ಚಿಂತೆಗಳನ್ನು ಹೊರಗೆ ಬಿಡುವದು ಸುಲಭವಲ್ಲ. ಬೋಧಕನು ಪ್ರಾರ್ಥಿಸುತ್ತಿರುವಾಗ ಒಬ್ಬನ ಮನಸ್ಸು ಹೊಲದ ನೀರಿನ ಸರದಿಗೆ ಹೋಗುತ್ತದೆ; ಮತ್ತೊಬ್ಬನದು ಸಂತೆಯಲ್ಲಿ ಕೊಳ್ಳಬೇಕಾದ ಎತ್ತಿನ ಕ್ರಯಕ್ಕೆ ಹೋಗುತ್ತದೆ; ತಾಯಿಯ ಮನಸ್ಸು ಒಲೆಯ ಮೇಲೆ ಬಿಟ್ಟುಬಂದ ಗಡಿಗೆಯ ಬಳಿಯಲ್ಲಿ ಇರುತ್ತದೆ. ಕಣ್ಣು ಮುಚ್ಚಿದೆ, ಕೈ ಜೋಡಿಸಿದೆ, ಬಾಯಿ ಆಮೆನ್ ಅನ್ನುತ್ತದೆ; ಹೃದಯವು ಮಾತ್ರ ಅಲ್ಲಿ ಇಲ್ಲ.

ಕೆಲವರು ಇದನ್ನು ಒಂದು ತಪ್ಪೆಂದೇ ಎಣಿಸುವದಿಲ್ಲ. ಬೇರೆ ಕೆಲವರಾದರೋ ಮನೆಗೆ ಹೋದ ಮೇಲೆ ಕುಗ್ಗಿ, ಇಂಥ ಪ್ರಾರ್ಥನೆ ದೇವರಿಗೆ ಹೇಗೆ ಮುಟ್ಟೀತು, ಮಾಡದೆ ಇರುವದೇ ಲೇಸೇನೋ ಎಂದು ಅಂದುಕೊಂಡು, ಕ್ರಮೇಣ ಪ್ರಾರ್ಥನೆಯನ್ನೇ ಬಿಟ್ಟುಬಿಡುತ್ತಾರೆ. ಈ ಎರಡು ತರದವರಿಗೂ ಪ್ರಯೋಜನವಾಗುವಂತೆ, ಸಾವಿರದ ಆರುನೂರು ವರುಷಗಳ ಹಿಂದೆ ಬದುಕಿದ ಒಬ್ಬ ಸಭಾಧ್ಯಕ್ಷನ ಚರಿತ್ರೆಯನ್ನು ಇಲ್ಲಿ ಹೇಳುತ್ತೇವೆ. ಆತನ ಹೆಸರು ಅಗಸ್ಟೀನ. ಅಪೊಸ್ತಲರ ಕಾಲದ ತರುವಾಯ ಕ್ರೈಸ್ತಸಭೆಯಲ್ಲಿ ಎದ್ದ ಬೋಧಕರೊಳಗೆ ಆತನಿಗೆ ಸಮಾನರಾದವರು ಬಹು ಕೊಂಚ. ನಮ್ಮ ಸಭೆಗಳು ಗೌರವಿಸುವ ಮಾರ್ಟಿನ್ ಲೂಥರನೂ ಆತನ ಗ್ರಂಥಗಳಿಂದ ಬಹಳ ಕಲಿತನು. ಇಂಥ ದೊಡ್ಡವನ ಮನಸ್ಸು ಸಹ ಪ್ರಾರ್ಥನೆಯ ಹೊತ್ತಿನಲ್ಲಿ ಓಡಿಹೋಗುತ್ತಿತ್ತೆಂದರೆ ವಾಚಕರು ಆಶ್ಚರ್ಯಪಟ್ಟಾರು. ಆದರೆ ಅದನ್ನು ಬಚ್ಚಿಡದೆ ಬರೆದಿಟ್ಟವನು ಆತನೇ.

೧. ದೇವಾಲಯದೊಳಗೆ ಇದ್ದು ದೇವರಿಗೆ ದೂರವಾದದ್ದು

ಅಗಸ್ಟೀನನು ಕ್ರಿ. ಶ. ೩೫೪ನೇ ವರುಷದ ನವೆಂಬರ ತಿಂಗಳ ೧೩ನೇ ತಾರೀಖಿನಲ್ಲಿ ಆಫ್ರಿಕ ಖಂಡದ ಉತ್ತರಭಾಗದ ತಗಸ್ತೆ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದನು. ಆ ಸೀಮೆ ಆಗ ರೋಮ್ ಚಕ್ರವರ್ತಿಗಳ ಅಧಿಕಾರದೊಳಗೆ ಇತ್ತು. ಈಗ ಅದು ಅಲ್ಜೀರಿಯ ದೇಶಕ್ಕೆ ಸೇರಿದೆ. ತಂದೆಯಾದ ಪತ್ರಿಕಿಯನು ಸ್ವಲ್ಪ ಭೂಮಿಕಾಣಿ ಉಳ್ಳವನು. ಆಯುಷ್ಯದ ಬಹುಭಾಗವನ್ನು ಅನ್ಯದೇವತೆಗಳ ಮಾರ್ಗದಲ್ಲಿ ಕಳೆದು, ಕಡೇ ಕಾಲದಲ್ಲಿ ಮಾತ್ರ ಕ್ರಿಸ್ತನನ್ನು ಒಪ್ಪಿದನು. ತಾಯಿಯಾದ ಮೋನಿಕಳು ದೃಢವಾದ ಕ್ರೈಸ್ತಳು. ಅವಳು ಮಗನಿಗೆ ಚಿಕ್ಕಂದಿನಿಂದಲೇ ಯೇಸುವಿನ ನಾಮವನ್ನು ಕಲಿಸಿದಳು. ಮಗನು ಬುದ್ಧಿವಂತನೆಂದು ತಂದೆತಾಯಿಗಳು ಕಷ್ಟಪಟ್ಟು ಓದಿಸಿದರು. ಹದಿನಾರನೇ ವಯಸ್ಸಿನಲ್ಲಿ ಹಣ ಸಾಲದೆ ಒಂದು ವರುಷ ಅವನು ಮನೆಯಲ್ಲಿ ಸುಮ್ಮಗೆ ಇರಬೇಕಾಯಿತು. ಬಳಿಕ ಊರಿನ ಒಬ್ಬ ಧನವಂತನ ಸಹಾಯವೂ ದೊರೆತು ಕಾರ್ಥೇಜ್ ಎಂಬ ಮಹಾಪಟ್ಟಣಕ್ಕೆ ಹೋದನು.

ಅಲ್ಲಿ ಅವನು ವಿದ್ಯೆಯಲ್ಲಿ ಎಲ್ಲರನ್ನೂ ಮೀರಿದನು, ನಡತೆಯಲ್ಲಿ ಕೆಟ್ಟನು. ನಾಟಕಶಾಲೆಗಳ ಮೇಲೆ ಅವನಿಗೆ ಬಹಳ ಆಸೆ. ದೇವಾಲಯಕ್ಕೂ ಹೋಗುತ್ತಿದ್ದನು. ಆದರೆ ಹೋದದ್ದರ ಪ್ರಯೋಜನವೇನು? ಆರಾಧನೆ ನಡೆಯುತ್ತಿರುವಾಗಲೇ, ದೇವಾಲಯದ ಗೋಡೆಗಳ ಒಳಗೇ, ಅವನು ಕೆಟ್ಟ ಆಶೆಯಿಂದ ಕಣ್ಣಾಡಿಸಿ, ಪಾಪದ ಕಾರ್ಯವೊಂದನ್ನು ಗೊತ್ತುಮಾಡಿಕೊಂಡನು.  ಅನೇಕ ವರುಷಗಳ ಮೇಲೆ, ತಾನು ಸಭಾಧ್ಯಕ್ಷನಾಗಿ ಎಲ್ಲರಿಂದ ಮಾನ ಹೊಂದುತ್ತಿರುವಾಗ, ಅಗಸ್ಟೀನನು ತಾನಾಗಿಯೇ ಇದನ್ನು ದೇವರ ಮುಂದೆಯೂ ಜನರ ಮುಂದೆಯೂ ಅರಿಕೆಮಾಡಿದನು.

ಆಮೇಲೆ ಅವನು ಮಾನಿ ಎಂಬವನ ದುರ್ಮತದವರ ಸಂಗಡ ಸೇರಿ ಸುಮಾರು ಒಂಭತ್ತು ವರುಷ ಅವರ ಶಿಷ್ಯನಾಗಿದ್ದನು. ಮದುವೆಯಿಲ್ಲದೆ ಒಬ್ಬ ಸ್ತ್ರೀಯೊಂದಿಗೆ ಸಂಸಾರಮಾಡಿ ಒಬ್ಬ ಮಗನನ್ನೂ ಪಡೆದನು. ತಾಯಿಯು ಹಗಲಿರುಳು ಅತ್ತು ಅವನಿಗೋಸ್ಕರ ಪ್ರಾರ್ಥಿಸುತ್ತಿದ್ದಳು.

೨. ಮಾತಿನ ಸೊಗಸಿಗಾಗಿ ಬಂದವನು

೩೮೩ನೇ ವರುಷದಲ್ಲಿ ಅಗಸ್ಟೀನನು ರೋಮಿಗೆ ಹೋಗಿ, ಮಾರನೇ ವರುಷ ಇಟಲಿ ದೇಶದ ಮಿಲಾನ್ ಪಟ್ಟಣದಲ್ಲಿ ವಾಕ್ಚಾತುರ್ಯವನ್ನು ಕಲಿಸುವ ಉಪಾಧ್ಯಾಯನಾದನು. ಆ ಪಟ್ಟಣದ ಸಭಾಧ್ಯಕ್ಷನಾದ ಅಂಬ್ರೋಸನು ಪ್ರಖ್ಯಾತ ಪ್ರಸಂಗಿ. ಅಗಸ್ಟೀನನು ಅವನ ಪ್ರಸಂಗಗಳಿಗೆ ತಪ್ಪದೆ ಹೋಗುತ್ತಿದ್ದನು. ದೇವರ ವಾಕ್ಯವನ್ನು ಕೇಳುವದಕ್ಕೆ ಹೋದನೋ? ಇಲ್ಲ. ಈತನ ಮಾತಿನ ಓಟ ಹೇಗಿದೆ, ಜನರು ಹೇಳುವಷ್ಟು ಚತುರನು ಹೌದೋ ಅಲ್ಲವೋ ಎಂದು ಪರೀಕ್ಷಿಸುವದಕ್ಕೆ ಹೋದನು. ಮಾತುಗಳನ್ನು ಚಪ್ಪರಿಸಿದನು, ಅರ್ಥವನ್ನು ಕಡೆಗಣಿಸಿದನು. ಇದೂ ಆರಾಧನೆಯಲ್ಲಿ ದೇವರನ್ನು ಮರೆಯುವ ಒಂದು ಬಗೆಯೇ. ನಮ್ಮಲ್ಲಿಯೂ ಪ್ರಸಂಗ ಮುಗಿದ ಮೇಲೆ, ಇಂದಿನ ಬೋಧಕನ ಕಂಠ ಒಳ್ಳೇದು, ನಿನ್ನೆ ಬಂದವನದು ಸಾಲದು ಎಂದು ತೂಕಮಾಡುವವರು ಇಲ್ಲವೇ?

ಆದರೆ ದೇವರ ಕೃಪೆ ದೊಡ್ಡದು. ರುಚಿಗಾಗಿ ಉಂಡವನ ಹೊಟ್ಟೆಯಲ್ಲಿಯೂ ಅನ್ನವು ಅನ್ನದ ಕೆಲಸವನ್ನೇ ಮಾಡುವ ಹಾಗೆ, ಮಾತಿನ ಸೊಗಸಿಗಾಗಿ ಕೇಳಿದವನ ಹೃದಯದೊಳಗೆ ವಾಕ್ಯವು ಮೆಲ್ಲಮೆಲ್ಲನೆ ಇಳಿಯಿತು. ತಾಯಿಯೂ ಸಮುದ್ರವನ್ನು ದಾಟಿ ಮಗನ ಬಳಿಗೆ ಬಂದಳು.

೩೮೬ನೇ ವರುಷದಲ್ಲಿ ಆ ಪಟ್ಟಣದಲ್ಲಿ ಒಂದು ದೊಡ್ಡ ಸಂಕಟವು ಉಂಟಾಯಿತು. ಬಾಲಚಕ್ರವರ್ತಿಯ ತಾಯಿಯಾದ ಯುಸ್ತೀನಳು, ಕರ್ತನಾದ ಯೇಸು ತಂದೆಗೆ ಸಮಾನನಾದ ದೇವರೆಂಬದನ್ನು ಒಪ್ಪದ ಪಂಗಡದವಳಾಗಿದ್ದು, ಒಂದು ದೇವಾಲಯವನ್ನು ತನ್ನ ಪಂಗಡದವರಿಗೆ ಬಿಟ್ಟುಕೊಡಬೇಕೆಂದು ಅಪ್ಪಣೆ ಮಾಡಿಸಿದಳು. ಅಂಬ್ರೋಸನು ಕೊಡಲಿಲ್ಲ. ಸಭೆಯವರು ತಮ್ಮ ಅಧ್ಯಕ್ಷನ ಸಂಗಡ ಸಾಯುವದಕ್ಕೂ ಸಿದ್ಧರಾಗಿ ದೇವಾಲಯದೊಳಗೆ ಹಗಲಿರುಳು ಕಾವಲಿದ್ದರು. ಮೋನಿಕಳೂ ಅವರೊಳಗೆ ಇದ್ದಳು. ಇಷ್ಟು ಭಯದ ಮಧ್ಯದಲ್ಲಿ ಜನರ ಮನಸ್ಸು ದುಃಖದಿಂದ ಸೋತುಹೋಗದಂತೆ, ಕೀರ್ತನೆಗಳನ್ನೂ ಸ್ತುತಿಪದಗಳನ್ನೂ ಎಲ್ಲರೂ ಕೂಡಿ ಹಾಡುವ ಪೂರ್ವದಿಕ್ಕಿನ ಸಭೆಗಳ ಪದ್ಧತಿಯನ್ನು ಅಲ್ಲಿ ಪ್ರಾರಂಭಿಸಿದರು. ಭಯದ ಕಡೆಗೆ ಓಡುವ ಮನಸ್ಸನ್ನು ದೇವರ ಕಡೆಗೆ ಹಿಡಿದಿಡುವದಕ್ಕೇ ಆ ಹಾಡು ಅವರಿಗೆ ಆಧಾರವಾಯಿತು.

ಅದೇ ವರುಷದಲ್ಲಿ ಅಗಸ್ಟೀನನು ಒಂದು ತೋಟದೊಳಗೆ ಅಂಜೂರದ ಮರದ ಕೆಳಗೆ ಬಿದ್ದು, ತನ್ನ ಪಾಪದ ಕಟ್ಟುಗಳನ್ನು ಹರಿಯಲಾರದೆ ಅಳುತ್ತಿದ್ದನು. ಆಗ ನೆರೆಮನೆಯಿಂದ ಒಂದು ಮಗುವಿನ ಸ್ವರವು ಕೇಳಿಬಂತು. ತೆಗೆದುಕೊಂಡು ಓದಬೇಕೆಂಬ ಅರ್ಥವುಳ್ಳ ಮಾತನ್ನು ಆ ಮಗು ರಾಗವಾಗಿ ತಿರಿತಿರಿಗಿ ಹೇಳುತ್ತಿತ್ತು. ಮಕ್ಕಳ ಯಾವ ಆಟದಲ್ಲಿಯಾದರೂ ಇಂಥ ಮಾತು ಉಂಟೋ ಎಂದು ಆತನು ಯೋಚಿಸಿದನು, ನೆನಪಾಗಲಿಲ್ಲ. ಇದು ತನಗೆ ದೇವರ ಅಪ್ಪಣೆಯೇ ಎಂದು ತಿಳಿದು, ಎದ್ದು ಹೋಗಿ, ಪೌಲನ ಪತ್ರಿಕೆಗಳ ಪುಸ್ತಕವನ್ನು ತೆರೆದನು. ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿಮೂರನೇ ಅಧ್ಯಾಯದ ಕೊನೆಯಲ್ಲಿ, ದುಂದೌತನವನ್ನೂ ಕಾಮವಿಲಾಸವನ್ನೂ ಬಿಟ್ಟು ಕರ್ತನಾದ ಯೇಸು ಕ್ರಿಸ್ತನನ್ನು ಧರಿಸಿಕೊಳ್ಳಬೇಕೆಂಬ ಬುದ್ಧಿವಾದವು ಕಣ್ಣಿಗೆ ಬಿತ್ತು. ಮುಂದೆ ಓದುವದು ಬೇಕಾಗಲಿಲ್ಲ. ಸಂದೇಹದ ಕತ್ತಲೆಯು ಹರಿದುಹೋಯಿತು. ಒಂದು ಮಗುವಿನ ಗಲಿಬಿಲಿಯನ್ನು ಬೇರೊಬ್ಬನಾಗಿದ್ದರೆ ಪ್ರಾರ್ಥನೆಗೆ ಅಡ್ಡಿಯೆಂದು ಗದರಿಸಿಯಾನು. ದೇವರ ಕಡೆಗೆ ತಿರುಗಿದ ಕಿವಿಗೆ ಅದೇ ಕರೆಯಾಯಿತು.

೩೮೭ನೇ ವರುಷದ ಪುನರುತ್ಥಾನಹಬ್ಬದ ರಾತ್ರಿಯಲ್ಲಿ ಆತನೂ ಆತನ ಮಗನೂ ಆಪ್ತಸ್ನೇಹಿತನಾದ ಅಲಿಪಿಯನೂ ಅಂಬ್ರೋಸನಿಂದ ದೀಕ್ಷಾಸ್ನಾನವನ್ನು ಹೊಂದಿದರು. ಆ ದಿವಸಗಳಲ್ಲಿ ಸಭೆಯ ಹಾಡುಗಳನ್ನು ಕೇಳಿ ಆತನು ಬಹಳವಾಗಿ ಅತ್ತನು. ಆ ಕಣ್ಣೀರು ಆತನಿಗೆ ಸುಖಕರವಾಗಿತ್ತು.

ಅದೇ ವರುಷ ತಾಯಿಮಕ್ಕಳು ಆಫ್ರಿಕಕ್ಕೆ ತಿರುಗಿ ಹೋಗಬೇಕೆಂದು ಒಸ್ತಿಯ ಎಂಬ ರೇವುಪಟ್ಟಣಕ್ಕೆ ಬಂದರು. ಅಲ್ಲಿ ಒಂದು ದಿವಸ ಇಬ್ಬರೂ ತೋಟದ ಕಡೆಯ ಕಿಟಕಿಯ ಬಳಿಯಲ್ಲಿ ನಿಂತು ಪರಲೋಕದ ಜೀವವನ್ನು ಕುರಿತು ಮಾತಾಡುತ್ತಿದ್ದರು. ಶರೀರದ ಗದ್ದಲವೂ ಭೂಮ್ಯಾಕಾಶಗಳ ಶಬ್ದವೂ ತನ್ನ ಸ್ವಂತ ಮನಸ್ಸಿನ ಮಾತೂ ಅಡಗಿಹೋಗಿ ದೇವರೊಬ್ಬನ ಸ್ವರವೇ ಕೇಳಬಂದರೆ ಅದು ಎಂಥ ಸುಖವಾಗಿರುವದೆಂದು ಯೋಚಿಸುತ್ತಾ, ಒಂದು ಕ್ಷಣ ಆ ಸುಖವನ್ನು ಮುಟ್ಟಿದ ಹಾಗಾಯಿತು. ಕೂಡಲೆ ಸಾಧಾರಣ ಮಾತಿಗೆ ತಿರುಗಿ ಬಂದರು. ಕೆಲವು ದಿವಸಗಳಲ್ಲಿಯೇ ಮೋನಿಕಳು ಜ್ವರಬಂದು ತನ್ನ ೫೬ನೇ ವಯಸ್ಸಿನಲ್ಲಿ ಕರ್ತನಲ್ಲಿ ನಿದ್ರೆಹೋದಳು.

೩. ಹಿಪ್ಪೋ ಸಭೆಯ ಹಬ್ಬದ ಊಟ

ಅಗಸ್ಟೀನನು ೩೮೮ನೇ ವರುಷದಲ್ಲಿ ಸ್ವದೇಶಕ್ಕೆ ಬಂದು, ಕೆಲವು ಸಹೋದರರೊಂದಿಗೆ ಪ್ರಾರ್ಥನೆಯಲ್ಲಿಯೂ ವೇದಪಠನದಲ್ಲಿಯೂ ಕಾಲಕಳೆಯಬೇಕೆಂದಿದ್ದನು. ೩೯೧ರಲ್ಲಿ ಹಿಪ್ಪೋ ಎಂಬ ಸಮುದ್ರತೀರದ ಪಟ್ಟಣಕ್ಕೆ ಹೋದಾಗ ಅಲ್ಲಿಯ ಸಭೆಯವರು ಆತನನ್ನು ಹಿಡಿದು ತಮ್ಮ ಅಧ್ಯಕ್ಷನಾದ ವಲೇರಿಯನ ಮುಂದೆ ನಿಲ್ಲಿಸಿ, ಸಭಾಹಿರಿಯನನ್ನಾಗಿ ನೇಮಿಸಬೇಕೆಂದು ಕೂಗಿದರು. ಆತನು ಅಳುತ್ತಾ ಆ ಕೆಲಸವನ್ನು ಒಪ್ಪಿಕೊಂಡನು. ವಲೇರಿಯನು ಗ್ರೀಕ್ ಭಾಷೆಯವನಾದದರಿಂದ ಲತೀನಿನಲ್ಲಿ ಸರಾಗವಾಗಿ ಬೋಧಿಸಲಾರನು. ಆದಕಾರಣ ಪ್ರಸಂಗದ ಭಾರವು ಅಗಸ್ಟೀನನ ಮೇಲೆ ಬಿತ್ತು.

ಆ ಸಭೆಯಲ್ಲಿ ಒಂದು ಕೆಟ್ಟ ವಾಡಿಕೆಯಿತ್ತು. ಪೂರ್ವಕಾಲದ ತಮ್ಮ ಅಧ್ಯಕ್ಷನೊಬ್ಬನ ಸ್ಮರಣೆಯ ದಿವಸದಲ್ಲಿ ದೇವಾಲಯದೊಳಗೇ ಉಂಡು ಕುಡಿದು ಮತ್ತರಾಗುತ್ತಿದ್ದರು. ಅದಕ್ಕೆ ಸಂತೋಷವೆಂದು ಹೆಸರು ಕೊಟ್ಟಿದ್ದರು. ದೇವರ ನಾಮಕ್ಕಾಗಿ ಕೂಡಿಬಂದವರ ಮನಸ್ಸೆಲ್ಲಾ ಕುಡಿಯುವ ಪಾತ್ರೆಯ ಮೇಲೆಯೇ. ೩೯೫ನೇ ವರುಷದಲ್ಲಿ ಅಗಸ್ಟೀನನು ಇದನ್ನು ನಿಲ್ಲಿಸಬೇಕೆಂದು ನಿಶ್ಚಯಿಸಿ, ಹಬ್ಬದ ಮುಂಚಿನ ದಿವಸಗಳಲ್ಲಿ ವೇದವಾಕ್ಯಗಳನ್ನು ತೋರಿಸಿ ಪ್ರಸಂಗ ಮಾಡಿದನು. ಜನರು ಗೊಣಗಿದರು. ಇಷ್ಟು ಕಾಲ ಇದನ್ನು ಬಿಟ್ಟಿದ್ದ ಹಿರಿಯರು ಕ್ರೈಸ್ತರಲ್ಲವೋ ಎಂದು ಕೇಳಿದರು. ಆತನು ಕೋಪಿಸಿಕೊಳ್ಳಲಿಲ್ಲ. ಕಣ್ಣೀರಿನಿಂದ ಬೇಡಿಕೊಂಡನು, ಕೇಳಿದವರೂ ಅತ್ತರು. ಹಿಂಸೆಯ ಕಾಲ ಕಳೆದ ಮೇಲೆ ಅನ್ಯಮತದವರು ಗುಂಪುಗುಂಪಾಗಿ ಸಭೆಗೆ ಬಂದದ್ದನ್ನೂ, ತಮ್ಮ ಹಳೇ ಹಬ್ಬಗಳ ಊಟವನ್ನು ಒಮ್ಮೆಗೇ ಬಿಡಲಾರದ ಅವರ ಬಲಹೀನತೆಯನ್ನು ಹಿರಿಯರು ಸ್ವಲ್ಪ ಕಾಲ ಸಹಿಸಿದ್ದನ್ನೂ, ಈಗ ಬೆಳೆದವರಾಗಿ ಅದನ್ನು ಬಿಡುವ ಕಾಲ ಬಂದಿರುವದನ್ನೂ ಶಾಂತವಾಗಿ ತಿಳಿಸಿದನು.

ಹಬ್ಬದ ದಿವಸ ಮಧ್ಯಾಹ್ನದ ಮೇಲೆ, ಬೆಳಿಗ್ಗೆಗಿಂತ ಹೆಚ್ಚು ಜನರು ದೇವಾಲಯಕ್ಕೆ ಕೂಡಿಬಂದರು. ಊಟದ ಪಂಕ್ತಿ ಇರಲಿಲ್ಲ. ವೇದಪಾಠವೂ ಕೀರ್ತನೆಯೂ ಒಂದಾದ ಮೇಲೆ ಒಂದು ನಡೆದವು. ಸಭೆಯಿಂದ ಬೇರೆಯಾಗಿ ಹೋಗಿದ್ದ ದೊನಾತನ ಪಕ್ಷದವರು ಅದೇ ಊರಿನ ತಮ್ಮ ದೇವಾಲಯದಲ್ಲಿ ಉಂಡು ಕುಡಿಯುತ್ತಿದ್ದ ಗದ್ದಲವು ಇವರ ಕಿವಿಗೆ ಚೆನ್ನಾಗಿ ಕೇಳುತ್ತಿತ್ತು. ಆದರೂ ಇವರು ಎದ್ದು ಹೋಗಲಿಲ್ಲ. ಸಾಯಂಕಾಲದ ಆರಾಧನೆ ಮುಗಿದ ಮೇಲೆಯೂ ಗಂಡಸರೂ ಹೆಂಗಸರೂ ಅನೇಕರು ಕತ್ತಲಾಗುವ ತನಕ ಅಲ್ಲಿಯೇ ನಿಂತು ಹಾಡುತ್ತಿದ್ದರು. ಊರೆಲ್ಲಾ ಜಾತ್ರೆಯ ವಾದ್ಯದಿಂದ ತುಂಬಿರುವಾಗ ಸಣ್ಣ ದೇವಾಲಯದಲ್ಲಿ ಕೂಡಿ ಪ್ರಾರ್ಥಿಸಿದವರಿಗೆ ಇದರ ಭಾರವು ಚೆನ್ನಾಗಿ ತಿಳಿದದೆ. ಹೊರಗಿನ ಗದ್ದಲವನ್ನು ನಿಲ್ಲಿಸುವದು ನಮ್ಮ ಕೈಯಲ್ಲಿ ಇಲ್ಲ. ಯಾವ ಸ್ವರದ ಕಡೆಗೆ ಮನಸ್ಸು ಕೊಡಬೇಕೆಂಬದು ನಮಗೆ ಬಿಟ್ಟ ಸಂಗತಿ.

೪. ಹಲ್ಲಿ, ಜೇಡ, ಹಾಡಿನ ಸವಿ

ಸ್ವಲ್ಪ ಕಾಲದೊಳಗೆ ಅಗಸ್ಟೀನನು ಹಿಪ್ಪೋ ಪಟ್ಟಣದ ಸಭಾಧ್ಯಕ್ಷನಾದನು. ಸುಮಾರು ೩೯೭ರಲ್ಲಿ ಆತನು ತನ್ನ ಜೀವಚರಿತ್ರೆಯನ್ನು ಬರೆಯತೊಡಗಿದನು. ಅದಕ್ಕೆ ಅರಿಕೆಗಳು ಎಂದು ಹೆಸರು. ಹದಿಮೂರು ಭಾಗಗಳುಳ್ಳ ಆ ಗ್ರಂಥವು ಮೊದಲಿಂದ ಕೊನೆಯ ವರೆಗೆ ದೇವರೊಂದಿಗೆ ಆಡಿದ ಮಾತಾಗಿಯೇ ಇದೆ. ಅದರ ಹತ್ತನೇ ಭಾಗದಲ್ಲಿ ಆತನು ತನ್ನ ಹಳೇ ಪಾಪಗಳನ್ನಲ್ಲ, ಅಧ್ಯಕ್ಷನಾದ ಮೇಲೆ ತನ್ನಲ್ಲಿ ಉಳಿದಿದ್ದ ಬಲಹೀನತೆಗಳನ್ನು ಶೋಧಿಸುತ್ತಾನೆ.

ಹೊಲದಲ್ಲಿ ಒಂದು ನಾಯಿ ಮೊಲವನ್ನು ಅಟ್ಟಿಕೊಂಡು ಹೋಗುವದನ್ನು ದಾರಿಯಲ್ಲಿ ಕಂಡರೆ ಸಾಕು, ತಾನು ಮಾಡುತ್ತಿದ್ದ ದೊಡ್ಡ ಧ್ಯಾನವು ತಪ್ಪಿ ಮನಸ್ಸು ಆ ನಾಯಿಯ ಹಿಂದೆ ಓಡುವದೆಂದು ಹೇಳುತ್ತಾನೆ. ಮನೆಯಲ್ಲಿ ಕೂತಿರುವಾಗ ಹಲ್ಲಿಯು ನೊಣವನ್ನು ಹಿಡಿಯುವದನ್ನೂ, ಜೇಡವು ತನ್ನ ಬಲೆಯಲ್ಲಿ ಬಿದ್ದ ಹುಳವನ್ನು ಸುತ್ತುವದನ್ನೂ ನೋಡುತ್ತಾ ಇದ್ದುಬಿಡುತ್ತೇನೆಂದು ಅರಿಕೆಮಾಡುತ್ತಾನೆ. ಇವು ಸಣ್ಣ ಪ್ರಾಣಿಗಳೆಂದು ತಪ್ಪು ಸಣ್ಣದಾಗುವದೋ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಅವುಗಳಿಂದ ತಿರುಗಿ ಸೃಷ್ಟಿಕರ್ತನ ಸ್ತೋತ್ರಕ್ಕೆ ಹೋಗುತ್ತೇನೆ, ನಿಜ. ಆದರೆ ನೋಡಲಾರಂಭಿಸಿದ್ದು ಸ್ತೋತ್ರಕ್ಕಾಗಿ ಅಲ್ಲ ಎನ್ನುತ್ತಾನೆ. ಬೀಳದೆ ಇರುವದು ಒಂದು, ಬಿದ್ದು ಬೇಗನೆ ಏಳುವದು ಇನ್ನೊಂದು ಎಂದು ತಿಳಿದು, ದೇವರ ಮಹಾ ಕರುಣೆಯೊಂದರ ಮೇಲೆ ಭರವಸವಿಡುತ್ತಾನೆ. ಹೀಗೆ ಕಸದಂಥ ಯೋಚನೆಗಳು ಎಲ್ಲಿಂದಲೋ ನುಗ್ಗಿಬಂದು, ದೇವರ ಸನ್ನಿಧಿಯಲ್ಲಿ ಮಾಡುವ ಪ್ರಾರ್ಥನೆಯನ್ನೇ ಕಡಿದುಹಾಕುತ್ತವೆಂದು ದುಃಖಪಡುತ್ತಾನೆ.

ಹಾಡಿನ ವಿಷಯದಲ್ಲಿಯೂ ಆತನಿಗೆ ಒಂದು ಕಳವಳವಿತ್ತು. ಇಂಪಾದ ಕಂಠದಿಂದ ಹಾಡಿದ ಕೀರ್ತನೆಯನ್ನು ಕೇಳುವಾಗ, ಹಾಡಿದ ಸಂಗತಿಗಿಂತ ಹಾಡಿನ ಸವಿಯೇ ತನ್ನನ್ನು ಹೆಚ್ಚಾಗಿ ಹಿಡಿಯುವದೆಂದು ಕಂಡನು. ಒಂದೊಂದು ಸಾರಿ ರಾಗಗಳನ್ನೆಲ್ಲಾ ಸಭೆಯಿಂದ ತೆಗೆದುಹಾಕಿದರೆ ಒಳ್ಳೇದೆಂದು ತೋರುತ್ತಿತ್ತು. ಅಲೆಕ್ಸಾಂದ್ರಿಯದ ಅಧ್ಯಕ್ಷನಾಗಿದ್ದ ಅಥನಾಸಿಯನು, ಕೀರ್ತನೆಯನ್ನು ಹಾಡುವದಕ್ಕಿಂತ ಓದಿದ ಹಾಗೆಯೇ ಕೇಳುವಂತೆ, ಸ್ವರವನ್ನು ಬಹಳ ಏರಿಳಿಸದೆ ಹೇಳಿಸುತ್ತಿದ್ದನೆಂಬ ಸಂಗತಿಯು ನೆನಪಿಗೆ ಬರುತ್ತಿತ್ತು. ಆದರೆ ಮಿಲಾನಿನಲ್ಲಿ ತಾನು ಅತ್ತ ಕಣ್ಣೀರೂ ನೆನಪಿಗೆ ಬಂತು. ಹಾಡಿನ ಮೂಲಕ ಬಲಹೀನರು ಭಕ್ತಿಗೆ ಎಬ್ಬಿಸಲ್ಪಡುತ್ತಾರೆಂದು ತಿಳಿದು, ಹಾಡುವ ಪದ್ಧತಿಯನ್ನೇ ಒಪ್ಪಿಕೊಂಡನು. ಒಂದನ್ನು ಮಾತ್ರ ತನ್ನ ಮೇಲೆ ನಿಯಮವಾಗಿ ಇಟ್ಟುಕೊಂಡನು. ಅರ್ಥಕ್ಕಿಂತ ಸ್ವರವು ತನ್ನನ್ನು ಹೆಚ್ಚು ಅಲ್ಲಾಡಿಸಿತೆಂದು ಕಂಡಾಗ, ಅದನ್ನು ಪಾಪವೆಂದು ದೇವರಿಗೆ ಒಪ್ಪಿಸಿಬಿಡುವದು.

೫. ಓಡುವ ಹೃದಯವನ್ನು ತಾಳಿಕೊಳ್ಳುವ ದೇವರು

ಅಧ್ಯಕ್ಷನ ಕೆಲಸದಲ್ಲಿ ಆತನಿಗೆ ಬಿಡುವೆಂಬದು ಇರಲಿಲ್ಲ. ಆಗಿನ ಪದ್ಧತಿಯಂತೆ ಜನರು ತಮ್ಮ ಆಸ್ತಿಪಾಸ್ತಿಯ ವ್ಯಾಜ್ಯಗಳನ್ನೂ ಅಧ್ಯಕ್ಷನ ಮುಂದೆ ತರುತ್ತಿದ್ದರು. ಆತನು ಊಟದ ಹೊತ್ತಿನ ತನಕ, ಕೆಲವು ದಿವಸ ಊಟವಿಲ್ಲದೆ ಸಾಯಂಕಾಲದ ತನಕ, ಕೂತು ಕೇಳಿ ತೀರ್ಪು ಹೇಳಬೇಕಾಗಿತ್ತು. ಆದದರಿಂದ ಚಿಂತೆ ತುಂಬಿದ ತಲೆಯೊಂದಿಗೆ ಪ್ರಾರ್ಥನೆಗೆ ಬರುವದು ಹೇಗಿರುವದೆಂದು ಆತನು ಪುಸ್ತಕದಿಂದ ಕಲಿತವನಲ್ಲ.

೮೬ನೇ ಕೀರ್ತನೆಯ ಮೇಲೆ ಪ್ರಸಂಗಿಸುವಾಗ ಆತನು ಸಭೆಯವರಿಗೆ ಈ ಸಂಗತಿಯನ್ನೇ ಬಿಡಿಸಿ ತೋರಿಸಿದನು. ಒಬ್ಬನು ನ್ಯಾಯಾಧಿಪತಿಯ ಮುಂದೆ ನಿಂತು ತನ್ನ ಅಹವಾಲನ್ನು ಹೇಳುತ್ತಿದ್ದವನು, ನಡುವೆ ಅವನಿಗೆ ಬೆನ್ನುಮಾಡಿ ತನ್ನ ಗೆಳೆಯನ ಸಂಗಡ ಹರಟೆಗೆ ತೊಡಗಿದರೆ ಯಾವ ನ್ಯಾಯಾಧಿಪತಿ ಸಹಿಸುವನು? ಆದರೆ ಕೂಡಿಬಂದು ಪ್ರಾರ್ಥಿಸುವ ಇಷ್ಟೊಂದು ಜನರ ಹೃದಯಗಳು ಎಲ್ಲೆಲ್ಲಿಯೋ ತಿರುಗುತ್ತಿರುವಾಗ ದೇವರು ಸಹಿಸುತ್ತಾನೆ. ಕೆಟ್ಟ ಯೋಚನೆ ಬಂದರೂ ಅಟ್ಟಿಬಿಡದೆ ತಾಳಿಕೊಳ್ಳುತ್ತಾನೆ. ಕರ್ತನು ಒಳ್ಳೆಯವನೂ ಶಾಂತನೂ ಎಂದು ಕೀರ್ತನೆಗಾರನು ಹೇಳಿದ್ದರ ಅರ್ಥ ಇದೇ ಎಂದು ಆತನು ತಿಳಿಸಿದನು. ದಾವೀದನು ದೇವರಿಗೆ ಪ್ರಾರ್ಥಿಸುವದಕ್ಕೆ ತನ್ನ ಹೃದಯವನ್ನು ಕಂಡುಕೊಂಡನೆಂದು ಸಮುವೇಲನ ಗ್ರಂಥದಲ್ಲಿ ಇರುವದನ್ನು ತೋರಿಸಿ, ಹೃದಯವು ಓಡಿಹೋಗುವಂಥಾದ್ದು, ಅದರ ಹಿಂದೆ ಹೋಗಿ ಹಿಡಿದು ತರಬೇಕಾದಂಥಾದ್ದು ಎಂದು ವಿವರಿಸಿದನು.

ಪ್ರಿಯ ವಾಚಕರೇ, ಕಣ್ಣಿ ಕಿತ್ತುಕೊಂಡು ಹೋದ ಕರುವನ್ನು ನಾವು ಏನು ಮಾಡುತ್ತೇವೆ? ಹೋದರೆ ಹೋಗಲಿ ಎಂದು ಬಿಡುವದಿಲ್ಲ; ಸಿಕ್ಕಿದಾಗ ಹೊಡೆದು ಕಾಲು ಮುರಿಯುವದೂ ಇಲ್ಲ. ಹುಡುಕಿ ತಂದು ತಿರಿಗಿ ಗೂಟಕ್ಕೆ ಕಟ್ಟುತ್ತೇವೆ. ಹತ್ತು ಸಾರಿ ಹೋದರೆ ಹತ್ತು ಸಾರಿ ತರುತ್ತೇವೆ. ಅಗಸ್ಟೀನನು ಮನಸ್ಸಿನ ವಿಷಯದಲ್ಲಿ ಕಲಿಸಿದ್ದೂ ಇದೇ.

ಇತರರ ಬಲಹೀನತೆಯ ವಿಷಯದಲ್ಲಿ ಆತನು ಬಹಳ ದಯೆಯುಳ್ಳವನಾಗಿದ್ದನು. ಕಾರ್ಥೇಜಿನಲ್ಲಿ ಹೊಸಬರಿಗೆ ಉಪದೇಶಮಾಡುತ್ತಿದ್ದ ದೇವೊಗ್ರಾತಿಯನೆಂಬ ಸಭಾಸೇವಕನು, ತನ್ನ ಉಪದೇಶವು ತನಗೇ ಬೇಸರವಾಗಿ ತೋರುವದೆಂದು ಮೊರೆಯಿಟ್ಟನು. ಅಗಸ್ಟೀನನು ಅವನಿಗಾಗಿ ಒಂದು ಸಣ್ಣ ಗ್ರಂಥವನ್ನು ಬರೆದು, ತನ್ನ ಮಾತು ತನಗೂ ಯಾವಾಗಲೂ ತೃಪ್ತಿಕೊಡುವದಿಲ್ಲವೆಂದು ಧೈರ್ಯ ಹೇಳಿದನು. ಕೇಳುವವನು ಆಕಳಿಸುವದನ್ನು ಕಂಡರೆ ಗದರಿಸದೆ, ಅವನ ಮನಸ್ಸನ್ನು ಎಬ್ಬಿಸುವ ಒಂದು ಮಾತನ್ನು ಹೇಳಬೇಕು. ಬಹಳ ಹೊತ್ತು ನಿಂತು ದಣಿದಿದ್ದರೆ ಕೂತುಕೊಳ್ಳುವದಕ್ಕೆ ಆಸನ ಕೊಡಬೇಕು ಎಂದು ಬುದ್ಧಿಹೇಳಿದನು. ಆಫ್ರಿಕದ ಸಭೆಗಳಲ್ಲಿ ಜನರು ನಿಂತು ಕೇಳುವ ವಾಡಿಕೆಯಿದ್ದರೂ, ಸಮುದ್ರದ ಆಚೆಯ ಕೆಲವು ಸಭೆಗಳಲ್ಲಿ ಜನರೂ ಕೂತುಕೊಳ್ಳುವದನ್ನು ಆತನು ಮೆಚ್ಚಿ ಬರೆದನು. ಈ ಸಾಲುಗಳನ್ನು ಬರೆಯುವ ಉಪದೇಶಿಗೆ ಆ ಬುದ್ಧಿವಾದವು ಚೆನ್ನಾಗಿ ತಗಲುತ್ತದೆ. ಸಭೆಯವರು ತೂಕಡಿಸಿದರೆಂದು ನೊಂದುಕೊಂಡ ದಿವಸಗಳಲ್ಲಿ ನನ್ನ ಮನಸ್ಸಾದರೂ ದೇವರ ಮೇಲೆ ಇತ್ತೋ, ನನ್ನ ಪ್ರಸಂಗವನ್ನು ಮೆಚ್ಚುವವರ ಮೇಲೆ ಇತ್ತೋ ಎಂದು ಕೇಳಿಕೊಂಡರೆ ಉತ್ತರ ಕೊಡುವದು ಕಷ್ಟ.

ಸುಮಾರು ೪೧೨ನೇ ವರುಷದಲ್ಲಿ, ರೋಮ್ ಪಟ್ಟಣವು ಶತ್ರುಗಳ ಕೈಯಿಂದ ಹಾಳಾದ ಮೇಲೆ ಆಫ್ರಿಕಕ್ಕೆ ಓಡಿಬಂದಿದ್ದ ಪ್ರೋಬಳೆಂಬ ವಿಧವೆಗೆ ಆತನು ಪ್ರಾರ್ಥನೆಯನ್ನು ಕುರಿತು ಒಂದು ಪತ್ರಿಕೆಯನ್ನು ಬರೆದನು. ಐಗುಪ್ತದ ಸಹೋದರರು ಬಾಣಬಿಟ್ಟ ಹಾಗೆ ಬಹು ಚಿಕ್ಕದಾದ ಪ್ರಾರ್ಥನೆಗಳನ್ನು ಪದೇಪದೇ ಮಾಡುತ್ತಾರೆಂದೂ, ಉದ್ದವಾದರೆ ಮನಸ್ಸಿನ ಚುರುಕು ಮಂದವಾಗುವದೆಂದೂ ಅದರಲ್ಲಿ ತಿಳಿಸಿದನು. ಮನಸ್ಸು ಎಚ್ಚರವಾಗಿದ್ದರೆ ಪ್ರಾರ್ಥನೆ ದೀರ್ಘವಾಗಬಹುದು. ಬಹಳ ಪ್ರಾರ್ಥನೆ ಬೇಕು, ಬಹಳ ಮಾತು ಬೇಡ ಎಂಬದೇ ಆ ಪತ್ರಿಕೆಯ ತಾತ್ಪರ್ಯ.

೬. ಮುಚ್ಚಿದ ಬಾಗಲು

೪೨೯ನೇ ವರುಷದಲ್ಲಿ ವಂದಾಲರೆಂಬ ಜನಾಂಗದವರು ಸ್ಪೇನಿನಿಂದ ಸಮುದ್ರವನ್ನು ದಾಟಿ ಆಫ್ರಿಕಕ್ಕೆ ನುಗ್ಗಿದರು. ಊರುಗಳನ್ನು ಸುಲಿದರು, ದೇವಾಲಯಗಳನ್ನು ಸುಟ್ಟರು. ಓಡಿಬಂದವರಿಂದ ಹಿಪ್ಪೋ ಪಟ್ಟಣವು ತುಂಬಿತು. ೪೩೦ರಲ್ಲಿ ಶತ್ರುಗಳು ಆ ಪಟ್ಟಣವನ್ನೇ ಮುತ್ತಿದರು. ಮುತ್ತಿಗೆಯ ಮೂರನೇ ತಿಂಗಳಲ್ಲಿ ಅಗಸ್ಟೀನನು ಜ್ವರದಿಂದ ಹಾಸಿಗೆ ಹಿಡಿದನು. ಆತನಿಗೆ ಆಗ ೭೫ ವರುಷ.

ಆಗ ಆತನ ಬಳಿಯಲ್ಲಿದ್ದ ಪೊಸ್ಸಿದಿಯನೆಂಬ ಅಧ್ಯಕ್ಷನು ಆ ಕಡೇ ದಿವಸಗಳ ಸಂಗತಿಯನ್ನು ಬರೆದಿದ್ದಾನೆ. ಅಗಸ್ಟೀನನು ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಹಾಳೆಗಳಲ್ಲಿ ಬರೆಯಿಸಿ, ಮಲಗಿದಲ್ಲಿಂದಲೇ ಕಾಣುವಂತೆ ಗೋಡೆಗೆ ಹಚ್ಚಿಸಿಕೊಂಡನು. ಅವುಗಳನ್ನು ನೋಡಿ ಓದುತ್ತಾ ಎಡೆಬಿಡದೆ ಅಳುತ್ತಿದ್ದನು. ಸಾಯುವದಕ್ಕೆ ಸುಮಾರು ಹತ್ತು ದಿವಸ ಮುಂಚೆ, ವೈದ್ಯರು ನೋಡಬರುವ ಹೊತ್ತು, ಆಹಾರ ತರುವ ಹೊತ್ತು, ಈ ಎರಡರ ಹೊರತು ಯಾರೂ ತನ್ನ ಕೋಣೆಗೆ ಬರಬಾರದೆಂದು ಬೇಡಿಕೊಂಡನು. ಹಾಗೆಯೇ ನಡೆಯಿಸಿದರು. ಆ ಹತ್ತು ದಿವಸವೂ ಆತನು ಪ್ರಾರ್ಥನೆಯಲ್ಲಿಯೇ ಇದ್ದನು. ಅಂತು ೪೩೦ನೇ ವರುಷದ ಅಗಸ್ಟ್ ತಿಂಗಳ ೨೮ನೇ ತಾರೀಖಿನಲ್ಲಿ, ಸಹೋದರರು ಸುತ್ತಲೂ ಪ್ರಾರ್ಥಿಸುತ್ತಿರುವಾಗ ಪ್ರಾಣಬಿಟ್ಟನು. ಮರಣಪತ್ರವನ್ನು ಬರೆಯಲಿಲ್ಲ; ಬರೆಯುವದಕ್ಕೆ ಆತನಿಗೆ ಸ್ವಂತದ್ದೇನೂ ಇರಲಿಲ್ಲ.

ಗೋಡೆಯ ಹೊರಗೆ ಶತ್ರುಸೈನ್ಯ. ಗೋಡೆಯ ಮೇಲೆ ದೇವರ ವಾಕ್ಯ. ದೇವಾಲಯದೊಳಗೆ ಇದ್ದು ಪಾಪದ ಕಡೆಗೆ ಕಣ್ಣಾಡಿಸಿದ ಆ ಯೌವನಸ್ಥನು, ಮುದುಕನಾಗಿ, ಊರೆಲ್ಲಾ ನಡುಗುತ್ತಿರುವಾಗ, ಕಣ್ಣುಗಳನ್ನು ಒಂದೇ ಕಡೆಗೆ ಇಟ್ಟು ಸತ್ತನು. ಇದು ಒಂದೇ ದಿವಸದಲ್ಲಿ ಆದದ್ದಲ್ಲ. ನಾಲ್ವತ್ತಕ್ಕೂ ಹೆಚ್ಚು ವರುಷ, ಓಡಿಹೋದ ಹೃದಯವನ್ನು ದಿನದಿನವೂ ಹಿಡಿದುತಂದವನಿಗೆ ದೇವರು ಕೊಟ್ಟ ಕೃಪೆ ಇದು.

ಸಹೋದರ ಸಹೋದರಿಗಳೇ, ಬರುವ ಆದಿತ್ಯವಾರದಲ್ಲಿಯೂ ನಮ್ಮ ಮನಸ್ಸು ಹೊಲಕ್ಕೂ ಸಂತೆಗೂ ಓಡೀತು. ಓಡಿದೆಯೆಂದು ತಿಳಿದ ಕೂಡಲೆ ಅದನ್ನು ಸಣ್ಣ ಸಂಗತಿಯೆಂದು ಬಿಡದಿರೋಣ. ಎದೆಗುಂದಿ ಪ್ರಾರ್ಥನೆಯನ್ನೂ ಬಿಡದಿರೋಣ. ಹೊಲದ ಚಿಂತೆ ಬಂದರೆ ಆ ಹೊಲವನ್ನೇ ಒಂದು ಸಣ್ಣ ಮಾತಿನಿಂದ ದೇವರ ಕೈಗೆ ಒಪ್ಪಿಸಿ ತಿರಿಗಿ ಬರೋಣ. ಹಾಡುವಾಗ ರಾಗಕ್ಕಿಂತ ಮುಂಚೆ ಅರ್ಥವನ್ನು ಹಿಡಿಯೋಣ. ಪ್ರಸಂಗವನ್ನು ಕೇಳುವಾಗ ಬೋಧಕನನ್ನು ತೂಗದೆ ವಾಕ್ಯವನ್ನು ಉಣ್ಣೋಣ. ಪಕ್ಕದಲ್ಲಿ ಮಗು ಅತ್ತರೆ ಅದರ ತಾಯಿಯ ಕಡೆಗೆ ಕಣ್ಣು ಕೆಕ್ಕರಿಸದೆ ಅವಳಿಗೋಸ್ಕರ ಪ್ರಾರ್ಥಿಸೋಣ. ಮನೆಯಲ್ಲಿ ಹಾಸಿಗೆಯಿಂದ ಕಾಣುವ ಗೋಡೆಯ ಮೇಲೆ ಒಂದು ವಾಕ್ಯವನ್ನು ಬರೆದು ಹಚ್ಚುವದು ಬಡವನಿಗೂ ಆಗುವ ಕೆಲಸ.

ನಮ್ಮ ಹೃದಯಗಳು ಎಷ್ಟು ಸಾರಿ ಓಡಿದರೂ ತಾಳಿಕೊಳ್ಳುವ ಕರ್ತನು ನಮ್ಮನ್ನು ಹಿಡಿದು ತನ್ನ ಕಡೆಗೆ ತಿರುಗಿಸಲಿ. ಆಮೆನ್.